ಮುಖ ತೊಳೆಸಿ ಕಳಿಸಿದ ಆರು ಸಿಲಿಂಡರು

ಮಾರ್ಚ್ 3

ತಕ್ಕಡಿ,

ಇಲ್ಲಿ ನಾನು ಗಟ್ಟಿ. ಅಲ್ಲಿ ನೀನೂ ಗಟ್ಟಿಯಾಗಿದ್ದೀಯೆಂದು ನಂಬಿ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ ಮಾವ, ಆಯ್ತು ಮಾವ, ಇಡ್ಲಾ ಮಾವ’ ಎಂದು ಮೂರೇ ಮಾತಿಗೆ ಮುಗಿಸಿಬಿಡುತ್ತೀಯ. ಕಾಗದವನ್ನಾದರೆ ಕೊನೆವರೆಗೂ ಓದಲೇಬೇಕು, ನಡುವೆ ಕತ್ತರಿಸಲು ಅದಕ್ಕೆ ಗುಂಡಿಯಿಲ್ಲ.

ಈ ಪೆಟ್ಟಿಗೆಯಲ್ಲಿ ನಿನ್ನ ಲ್ಯಾಬಿನ ಪರೀಕ್ಷೆಗೆಂದು ಆರು ಸಿಮೆಂಟಿನ ಸಿಲಿಂಡರುಗಳಿವೆ. ಒಂದೊಂದೂ ನನ್ನ ಅಂಗೈಯಷ್ಟು ಉದ್ದ, ಟೀ ಲೋಟದಷ್ಟು ದಪ್ಪ. ಒಳಗಿರುವುದು ನಲ್ಲಿಗಳಿಗೆ ಹೊಳಪು ಹಚ್ಚುವ ಕಾರ್ಖಾನೆಯ ಕೆಸರು. ಆ ಕೆಸರಿನಲ್ಲಿ ಕ್ರೋಮಿಯಂ ಇದೆ, ನೀರಿಗೆ ಸೇರಿದರೆ ವಿಷ ಎಂದು ಟೋಪಿ ಸಾಹೇಬ ಹೇಳಿದ. ಅವನು ನಮ್ಮ ಇಂಜಿನಿಯರ್. ಅವನು ಹೆಲ್ಮೆಟ್ ತೆಗೆದದ್ದನ್ನು ಇವತ್ತಿನವರೆಗೆ ಯಾರೂ ನೋಡಿಲ್ಲ, ಕಟ್ಟಿಕೊಂಡವಳಾದರೂ ನೋಡಿದ್ದಾಳೋ ಇಲ್ಲವೋ. ಆ ಕೆಸರಿಗೆ ಸಿಮೆಂಟು ಕಲಸಿ, ಕಲ್ಲು ಮಾಡಿ, ದಿಬ್ಬದ ಮೇಲಿನ ಗುಂಡಿಯಲ್ಲಿ ಹೂಳುವುದು ನಮ್ಮ ಕೆಲಸ. ಅಂದರೆ ವಿಷಕ್ಕೆ ಜೈಲು. ಜೈಲಿನ ಗೋಡೆ ಕಟ್ಟುವವನು ನಿನ್ನ ಮಾವ. ಆಗಲೇ ಎರಡು ಸಾವಿರ ಕಲ್ಲು ಅಂಗಳದಲ್ಲಿ ಸಾಲಾಗಿ ನಿಂತಿವೆ, ಈ ಆರು ಅವುಗಳದ್ದೇ ಮಾದರಿ. ಏಪ್ರಿಲ್ ಕೊನೆಯೊಳಗೆ ‘ಸೋರುವುದಿಲ್ಲ’ ಎಂದು ನಿಮ್ಮ ಲ್ಯಾಬಿನಿಂದ ವರದಿ ಬಂದರೆ ಗುಂಡಿಗೆ ಇಳಿಯುತ್ತವೆ.

ಗುಂಡಿಯಿಂದ ಕಾಲೋನಿಯ ಬಾವಿಗೆ ಮುನ್ನೂರು ಹೆಜ್ಜೆ. ನಾನೇ ನಡೆದು ಎಣಿಸಿದ್ದೇನೆ. ಆ ನೀರನ್ನೇ ನಿನ್ನಮ್ಮ ಕುಡಿಯುವುದು, ಅವಳ ಶಿಶುವಿಹಾರದ ಮೂವತ್ತು ಚಿಳ್ಳೆಪಿಳ್ಳೆಗಳೂ ಕುಡಿಯುವುದು. ‘ಏನಾದ್ರೂ ಸೋರಿದ್ರೆ ಗತಿ ಏನೋ?’ ಅಂದಳು ಅಕ್ಕ. ‘ನಿನ್ನ ತಮ್ಮ ಕಲಸಿದ್ದು ಸೋರಿದ್ರೆ ಮೀಸೆ ಬೋಳಿಸ್ತೀನಿ ಕಣಕ್ಕ’ ಅಂದೆ. ಅವಳು ಮೀಸೆಯನ್ನೇ ನೋಡುತ್ತ ನಿಂತಳು. ಹೊಟ್ಟೆಕಿಚ್ಚು.

ನಮ್ಮ ಮನೆಯ ಮಕ್ಕಳು ಪರವೂರಿಗೆ ಹೋಗುವಾಗ ಹೇಗಿರಬೇಕು ಹೇಳು? ಆರನ್ನೂ ಚೆನ್ನಾಗಿ ಮುಖ ತೊಳೆಸಿ ಕಳಿಸಿದ್ದೇನೆ. ಪೆಟ್ಟಿಗೆ ತೆರೆದ ಕೂಡಲೇ ನಿಮ್ಮವರು ‘ಯಾರಪ್ಪಾ ಈ ಕೈ’ ಎನ್ನಬೇಕು. ಎಂದರೋ ಇಲ್ಲವೋ ತಪ್ಪದೆ ಬರಿ.

ನಿನ್ನ ಮಾವ,
ಗಾರೆ ಚಕ್ರವರ್ತಿ
(ಏಳನೇ ಕ್ಲಾಸನ್ನು ಎರಡು ಸಲ ಓದಿದವನು. ಒಂದೇ ಸಲ ಓದಿದವರಿಗಿಂತ ಗಟ್ಟಿ.)

ಮಾರ್ಚ್ 12

ಮಾವ,

ಅಂದರು. ನಮ್ಮ ಮೇಡಂ ಒಂದನ್ನು ಕೈಯಲ್ಲಿ ತಿರುಗಿಸಿ, ‘ಇದೇನು, ಅಮೃತಶಿಲೆನಾ?’ ಎಂದರು. ಮುಖ ತೊಳೆಸಿದ ವಿಷಯ ಓದಿ ನಾನು ಒಬ್ಬಳೇ ನಕ್ಕೆ. ನೀನು ನನ್ನ ಸೋದರಮಾವ ಎಂಬುದನ್ನೂ ಅವರಿಗೆ ಹೇಳಿಬಿಟ್ಟೆ, ಮುಚ್ಚಿಡಬಾರದು. ‘ಅಂಕಿಗೆ ಮಾವ ಇರಲ್ಲ, ಕೆಲಸ ಮಾಡು’ ಎಂದರು.

ನಿನ್ನ ಮಕ್ಕಳಿಗೆ ಏನೇನು ಮಾಡಿದೆ ಎಂದು ಹೇಳುತ್ತೇನೆ, ಬೈಯಬೇಡ. ಎರಡನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದೆ. ಒಣಗಿಸಿ ತೂಗಿದೆ. ಪಾತ್ರೆಯೊಳಗಿನ ಗಾಳಿಯನ್ನೆಲ್ಲ ಹೀರಿಸಿ, ನೀರು ಕುಡಿಸಿ ತೂಗಿದೆ. ಕೊನೆಗೆ ನೀರಿನೊಳಗೇ ತೂಗುಹಾಕಿ ತೂಗಿದೆ. ಈ ಮೂರು ತೂಕ ಸಿಕ್ಕರೆ ಕಲ್ಲಿನಲ್ಲಿ ಎಷ್ಟು ಪಾಲು ತೂತು ಎಂದು ಲೆಕ್ಕ ಸಿಗುತ್ತದೆ. ನೂರಕ್ಕೆ ನಲವತ್ತೊಂದು ಬಂತು. ಕಣ್ಣಿಗೆ ಕಾಣದ ತೂತುಗಳು, ಆದರೂ ತೂತುಗಳೇ.

ಇನ್ನು ಮೂರನ್ನು ಇಡಿಯಾಗಿಯೇ ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟಿದ್ದೇನೆ. ಇಳಿಬಿಟ್ಟು ಎರಡು ಗಂಟೆಯಾದ ಮೇಲೆ, ಏಳು ಗಂಟೆಯಾದ ಮೇಲೆ, ಒಂದು ದಿನವಾದ ಮೇಲೆ, ಆಮೇಲೆ ಐದನೆಯ ದಿನದವರೆಗೆ ದಿನಾ, ಅದಾದ ಮೇಲೆ ಹತ್ತೊಂಬತ್ತನೆಯ ದಿನ ಆ ನೀರನ್ನು ತೆಗೆದು ಹೊಸ ನೀರು ಹಾಕಬೇಕು. ತೆಗೆದ ನೀರಿಗೆ ಎಷ್ಟು ಕ್ರೋಮಿಯಂ ಬಂದಿದೆ ಎಂದು ಅಳೆಯುತ್ತೇವೆ. ಕಲ್ಲಿನೊಳಗೆ ಅದು ಕಿಕ್ಕಿರಿದಿರುತ್ತದೆ, ಹೊರಗಿನ ನೀರು ಖಾಲಿ. ಯಾರೂ ತಳ್ಳದಿದ್ದರೂ ತೂತಿನಿಂದ ತೂತಿಗೆ ತೆವಳಿ ಖಾಲಿಯಿರುವ ಕಡೆಗೆ ಬಂದೇ ಬರುತ್ತದೆ. ಎಷ್ಟು ಬೇಗ ಬರುತ್ತದೆ ಎನ್ನುವುದೇ ಪ್ರಶ್ನೆ.

ಐದು ದಿನ ಮುಗಿಯಿತು. ಏನೂ ಬಂದಿಲ್ಲ. ಅಳೆಯುವ ಯಂತ್ರ ಸೊನ್ನೆಯ ಹತ್ತಿರವೇ ಕೂತಿದೆ.

ಖುಷಿಪಡಬೇಕು ನಾನು. ಆಗುತ್ತಿಲ್ಲ. ಹೊಟ್ಟೆಯ ತುಂಬ ತೂತಿರುವ ಕಲ್ಲು ಸೋರುವುದಿಲ್ಲವೆಂದರೆ ಹೇಗೆ? ಎರಡು ಪರೀಕ್ಷೆಗಳಲ್ಲಿ ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಆರನೆಯ ಸಿಲಿಂಡರನ್ನು ಮುಟ್ಟದೆ ಎತ್ತಿಟ್ಟಿದ್ದೇನೆ.

ತಕ್ಕಡಿ

ಮಾರ್ಚ್ 17

ತಕ್ಕಡಿ,

ಇಲ್ಲಿ ನಾನು ಬಲು ಗಟ್ಟಿ. ನಿನ್ನ ಕಾಗದದಲ್ಲಿ ಎರಡು ಸುದ್ದಿಯಿತ್ತು, ಒಂದು ಕೆಟ್ಟದ್ದು, ಒಂದು ಒಳ್ಳೆಯದು. ಕೆಟ್ಟದ್ದನ್ನು ಓದದೆ ಒಳ್ಳೆಯದನ್ನು ಎರಡು ಸಲ ಓದಿದೆ.

ಏನೂ ಬಂದಿಲ್ಲ! ಸೊನ್ನೆ! ಏಳನೇ ಕ್ಲಾಸಿನಲ್ಲಿ ನನಗೆ ಸೊನ್ನೆ ಬಂದಾಗ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಈಗ ಅದೇ ಸೊನ್ನೆಗೆ ಟೋಪಿ ಸಾಹೇಬ ಕೈ ಕುಲುಕಿದ. ‘ಮೇಸ್ತ್ರಿ, ನಿಮ್ಮ ಕಲ್ಲು ಲ್ಯಾಬಿನೋರಿಗೇ ನೀರು ಕುಡಿಸ್ತಲ್ರೀ’ ಎಂದ. ಅವನಿಗೆ ನಗಿಸಲು ಬರುತ್ತದೆಂದು ಅವತ್ತೇ ಗೊತ್ತಾದದ್ದು. ಮೂವತ್ತೆರಡು ವರ್ಷದಿಂದ ಕಲ್ಲಿಗೆ ನೀರು ಕುಡಿಸುತ್ತ ಬಂದವನು ನಾನು. ನಿಮ್ಮ ಲ್ಯಾಬಿನಲ್ಲಿ ಗಾಳಿ ಹೀರಿಸಿ ಕುಡಿಸುತ್ತಾರಂತೆ, ನಾವಿಲ್ಲಿ ಗೋಣಿತಾಟು ಹೊದಿಸಿ ಪ್ರೀತಿಯಿಂದ ಕುಡಿಸುತ್ತೇವೆ. ಅದಕ್ಕೇ ನಿನಗೆ ಸೋರದ ಕಲ್ಲು ಕಂಡರೆ ಅನುಮಾನ.

ಗುಂಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುವುದಕ್ಕೆ ಶುರು ಮಾಡಿದ್ದಾರೆ. ವರದಿ ಬಂದ ಮರುದಿನವೇ ಕಲ್ಲು ಇಳಿಸುವುದಂತೆ. ಶಿಶುವಿಹಾರಕ್ಕೆ ಹೋಗಿ ಅಕ್ಕನಿಗೂ ಹೇಳಿದೆ. ಮೂವತ್ತು ಪಿಳ್ಳೆಗಳ ಎದುರಿಗೇ ಮೀಸೆ ತಿರುವಿದೆ. ಒಂದು ಹುಡುಗಿ ಹೆದರಿ ಅತ್ತಳು.

ಆ ನಲವತ್ತೊಂದನ್ನು ಇನ್ನೊಂದು ಸಲ ತೂಗಿ ನೋಡು. ನಿನ್ನ ತಕ್ಕಡಿಗೆ ವಯಸ್ಸಾಗಿರಬೇಕು.

ಗಾರೆ ಚಕ್ರವರ್ತಿ

ಮಾರ್ಚ್ 28

ಮಾವ,

ತೂಗಿದೆ. ಐದು ಸಲ. ತಕ್ಕಡಿ ಬದಲಿಸಿ ತೂಗಿದೆ, ಅದು ಸರಿಯಿದೆಯೋ ಎಂದು ತೂಕದ ಕಲ್ಲು ಇಟ್ಟು ನೋಡಿದೆ. ಪಾತ್ರೆಗಳನ್ನೆಲ್ಲ ಆ್ಯಸಿಡ್ ಹಾಕಿ ತೊಳೆದೆ. ದಾರದ ಮೇಲೂ ಸಂಶಯಪಟ್ಟೆ. ನಲವತ್ತೊಂದು ನಲವತ್ತೊಂದೇ. ಕುರ್ಚಿಯಲ್ಲಿ ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಹೋಗಿ ಆ ಮೂರು ಪಾತ್ರೆಗಳ ಮುಂದೆ ನಿಲ್ಲುತ್ತೇನೆ. ‘ನೀನು ದಿಟ್ಟಿಸಿದ ಮಾತ್ರಕ್ಕೆ ಅವು ಬಾಯಿ ಬಿಡಲ್ಲ’ ಎಂದು ಮೇಡಂ ಗದರಿಸಿದರು.

ಆದರೆ ಬಾಯಿ ಬಿಟ್ಟಿವೆ. ಹತ್ತೊಂಬತ್ತನೆಯ ದಿನದ ನೀರಿನಲ್ಲಿ ಕ್ರೋಮಿಯಂ ಇದೆ, ಪಾಸಾಗುವ ಮಿತಿಯೊಳಗೇ, ಆದರೂ ಇದೆ. ಇಂಥ ಕಲ್ಲಿನಿಂದ ಮೊದಲ ದಿನವೇ ಹೆಚ್ಚು ಬಂದು, ಬರಬರುತ್ತ ಕಡಿಮೆಯಾಗಬೇಕು. ಇಲ್ಲಿ ತಲೆಕೆಳಗು. ಇಷ್ಟು ದಿನ ಏನೋ ಒಂದು ಬಾಗಿಲು ಹಾಕಿಕೊಂಡಿತ್ತು, ಈಗ ಅದು ಸಡಿಲವಾಗಿದೆ.

ಕೊಯ್ದ ಬಿಲ್ಲೆಗಳನ್ನು ಮತ್ತೆ ಭೂತಗನ್ನಡಿಯ ಕೆಳಗಿಟ್ಟೆ. ಅಂಚಿನ ಸುತ್ತ ಕಡುಬಣ್ಣದ ಒಂದು ತೆಳು ಗೆರೆಯಿದೆ, ಉಗುರಿನಷ್ಟು ದಪ್ಪ. ಒಳಗಿನ ಕಲ್ಲೇ ಬೇರೆ, ಆ ಗೆರೆಯೇ ಬೇರೆ.

ಮಾವ, ಈ ಸಿಲಿಂಡರುಗಳಿಗೆ ನೀನು ಏನಾದರೂ ಹಚ್ಚಿದೆಯಾ? ಅಂಗಳದ ಎರಡು ಸಾವಿರ ಕಲ್ಲುಗಳಿಗೂ ಆ ಗೆರೆ ಇದೆಯಾ? ತಮಾಷೆ ಬೇಡ. ಒಂದೇ ಸಾಲು ಬರಿ, ಸಾಕು.

ತಕ್ಕಡಿ

ಏಪ್ರಿಲ್ 2

ತಕ್ಕಡಿ,

ಇಲ್ಲಿ ಎಲ್ಲರೂ ಗಟ್ಟಿ. ಬಿಸಿಲು ಜೋರಾಗಿದೆ. ಟೋಪಿ ಸಾಹೇಬನ ಹೆಲ್ಮೆಟ್ ಮೇಲೆ ಕಾಗೆ ಕೂತಿತ್ತು, ಅವನಿಗೆ ಗೊತ್ತೇ ಆಗಲಿಲ್ಲ, ಹಾಗೇ ಎರಡು ಸುತ್ತು ತಿರುಗಿದ. ಕಲಸುವ ಯಂತ್ರದ ಪಟ್ಟಿ ಹರಿದಿತ್ತು, ನಾನೇ ಸರಿ ಮಾಡಿದೆ. ನಿನ್ನಮ್ಮನಿಗೆ ಹೊಸ ಕನ್ನಡಕ ಬಂದಿದೆ, ಈಗ ನನ್ನ ತಪ್ಪುಗಳೆಲ್ಲ ಅವಳಿಗೆ ದೊಡ್ಡದಾಗಿ ಕಾಣುತ್ತವೆ.

ನೀನು ಗೆರೆಯ ವಿಷಯ ಕೇಳಿದ್ದೀಯ. ಅಚ್ಚಿಗೆ ಕಲ್ಲು ಅಂಟದಿರಲೆಂದು ಒಳಗಡೆ ಎಣ್ಣೆ ಸವರುತ್ತೇವೆ. ಅದರ ಕಲೆ ಇರಬಹುದು. ಇರಬಹುದು ಎಂದೆ, ಇದೆ ಎನ್ನಲಿಲ್ಲ. ಮೂವತ್ತೆರಡು ವರ್ಷದ ಕೆಲಸದವನನ್ನು ಒಂದು ಗೆರೆ ಹಿಡಿದು ಕೇಳಬಾರದು. ಊಟ ಹೊತ್ತಿಗೆ ಸರಿಯಾಗಿ ಮಾಡು.

ಮಾವ

ಏಪ್ರಿಲ್ 8

ಮಾನ್ಯ ಮೇಸ್ತ್ರಿಯವರಿಗೆ,

ವಿಷಯ: ಸಿಮೆಂಟಿನಿಂದ ಗಟ್ಟಿಗೊಳಿಸಿದ ಕೆಸರಿನ ಆರು ಮಾದರಿಗಳ ತಯಾರಿಕೆ.

ತಾವು ಮಾರ್ಚ್ 3ರಂದು ಕಳುಹಿಸಿದ ಮಾದರಿಗಳ ಪರೀಕ್ಷೆಯಲ್ಲಿ ಕಂಡ ವ್ಯತ್ಯಾಸದ ಬಗ್ಗೆ ತಮ್ಮಿಂದ ಈ ಕೆಳಗಿನ ಮಾಹಿತಿ ಬೇಕಾಗಿದೆ. ಮಾದರಿಗಳನ್ನು ಅಂಗಳದ ಕಲ್ಲುಗಳಿಗೆ ಬಳಸಿದ ಮಿಶ್ರಣದಿಂದಲೇ ತೆಗೆಯಲಾಗಿತ್ತೇ? ಅಚ್ಚಿನಿಂದ ಬಿಡಿಸಿದ ಮೇಲೆ ಮಾದರಿಗಳ ಮೇಲ್ಮೈಗೆ ಯಾವುದೇ ಕೆಲಸ ಮಾಡಲಾಯಿತೇ? ಮಾಡಿದ್ದರೆ ಯಾವ ವಸ್ತುವಿನಿಂದ, ಎಷ್ಟು ಸಲ?

ದಯವಿಟ್ಟು ಏಪ್ರಿಲ್ 24ರೊಳಗೆ ತಮ್ಮ ಸಹಿಯೊಂದಿಗೆ ಉತ್ತರಿಸಬೇಕಾಗಿ ವಿನಂತಿ. ಉತ್ತರ ಬಾರದಿದ್ದರೆ ಕೈಯಲ್ಲಿರುವ ಅಂಕಿಗಳ ಮೇಲೆಯೇ ವರದಿ ಹೋಗುತ್ತದೆ.

ತಮ್ಮ ವಿಶ್ವಾಸಿ,
ಪರೀಕ್ಷಕಿ

ಏಪ್ರಿಲ್ 10

ತಾವು!

ನನ್ನ ಹೆಗಲ ಮೇಲೆ ಕೂತು ನನ್ನ ಕಿವಿಯನ್ನೇ ಲಗಾಮು ಮಾಡಿಕೊಂಡಿದ್ದವಳು ನನಗೆ ತಾವು ಎಂದಳು. ಅಂಚೆಯವನಿಗೆ ‘ಇದು ನನಗಲ್ಲ’ ಎಂದು ವಾಪಸು ಕೊಡಲು ಹೋದೆ. ಹೆಸರು ನನ್ನದೇ ಇತ್ತು.

ಪರೀಕ್ಷಕಿಯವರೇ, ನಿಮ್ಮ ನೀರು ನಿಮಗೆ, ನನ್ನ ನೀರು ನನಗೆ. ನನಗೂ ಬಕೆಟ್ ಇದೆ. ನಾನೇ ನೋಡಿಕೊಳ್ಳುತ್ತೇನೆ.

ಸಹಿ ಬೇಕಂತೆ, ಸಹಿ. ಇದಕ್ಕೆ ಹಾಕುವುದಿಲ್ಲ.

ಏಪ್ರಿಲ್ 15

ಮಗಳೇ,

ನಾನು ಅಮ್ಮ. ನಿನ್ನ ಮಾವನಿಗೆ ಏನು ಬರೆದೆ ನೀನು? ನನ್ನ ಎರಡು ಬಕೆಟ್ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಇಟ್ಟುಕೊಂಡಿದ್ದಾನೆ, ಕೇಳಿದರೆ ‘ಲ್ಯಾಬು’ ಎನ್ನುತ್ತಾನೆ. ಅಂಗಳದಿಂದ ಒಂದೇ ಕಲ್ಲಿನ ಎರಡು ತುಂಡು ತಂದು, ಒಂದಕ್ಕೆ ಬಟ್ಟೆಯಲ್ಲಿ ಅದೇನೋ ಬಳಿದು, ಒಂದಕ್ಕೆ ಬಳಿಯದೆ, ಎರಡನ್ನೂ ಒಂದೊಂದು ಬಕೆಟ್‌ನಲ್ಲಿ ಇಳಿಬಿಟ್ಟಿದ್ದಾನೆ. ನಿನ್ನ ಹಳೆಯ ಕಾಗದವನ್ನು ಜೇಬಿನಿಂದ ತೆಗೆದು ಓದುವುದು, ಗಡಿಯಾರ ನೋಡುವುದು, ನೀರು ಬದಲಿಸುವುದು. ತೆಗೆದ ನೀರನ್ನು ಚೆಲ್ಲುವುದಿಲ್ಲ, ನನ್ನ ಪಾತ್ರೆಗಳನ್ನೆಲ್ಲ ತುಂಬಿಸಿ ಮುಚ್ಚಿಟ್ಟಿದ್ದಾನೆ. ನಿನ್ನೆ ಇಡೀ ದಿನ ಜಂಬ ಕೊಚ್ಚಲಿಲ್ಲ, ಅವನು ಹುಟ್ಟಿದಾಗಿನಿಂದ ಇಂಥದ್ದನ್ನು ನಾನು ನೋಡಿರಲಿಲ್ಲ. ಜ್ವರವೇನೋ ಎಂದು ಹಣೆ ಮುಟ್ಟಿದೆ, ಇಲ್ಲ.

ನನಗೆ ಬಕೆಟ್ ಬೇಕು. ಅದಕ್ಕಿಂತ ಹೆಚ್ಚಾಗಿ ಇದೇನೆಂದು ಗೊತ್ತಾಗಬೇಕು.

ಅಮ್ಮ

ಏಪ್ರಿಲ್ 20

ಮಾನ್ಯ ಪರೀಕ್ಷಕಿಯವರಿಗೆ,

ತಾವು ಕೇಳಿದ ಪ್ರಶ್ನೆಗಳಿಗೆ ಉತ್ತರ.

ಮಿಶ್ರಣ ಅದೇ, ಅಂಗಳದ ಕಲ್ಲುಗಳದ್ದೇ. ಅಚ್ಚಿನಿಂದ ಬಿಡಿಸಿದ ಮೇಲೆ ಆರರ ಮೈ ಮೇಲೂ ಗಾಳಿಗುಳ್ಳೆಯ ತೂತುಗಳು ಕಂಡವು. ಆದ್ದರಿಂದ ಬರೀ ಸಿಮೆಂಟನ್ನು ನೀರಿನಲ್ಲಿ ಹಾಲಿನಂತೆ ಕದಡಿ, ಒದ್ದೆ ಬಟ್ಟೆಯಿಂದ ಸುತ್ತಲೂ, ಮೇಲೆ, ಕೆಳಗೆ, ಎರಡು ಸಲ ಸವರಿ ನಯ ಮಾಡಿದ್ದೇನೆ. ಅಂಗಳದ ಎರಡು ಸಾವಿರ ಕಲ್ಲುಗಳಲ್ಲಿ ಒಂದಕ್ಕೂ ಹೀಗೆ ಮಾಡಿಲ್ಲ. ಇದನ್ನು ಮಾಡು ಎಂದು ನನಗೆ ಯಾರೂ ಹೇಳಲಿಲ್ಲ. ಇಂಜಿನಿಯರಿಗೆ ಇದು ಇವತ್ತಿನವರೆಗೆ ಗೊತ್ತಿರಲಿಲ್ಲ. ಈ ಕಾಗದ ಅವರಿಗೆ ಓದಿ ಹೇಳಿದ ಮೇಲೆಯೇ ಅಂಚೆಗೆ ಹಾಕುತ್ತಿದ್ದೇನೆ.

ಇದರ ಜೊತೆಯಲ್ಲಿ ಅಂಗಳದ ಕಲ್ಲುಗಳಿಂದ ಕೊರೆದು ತೆಗೆದ ಆರು ಮಾದರಿಗಳಿವೆ. ಇವನ್ನು ಮುಟ್ಟಿಲ್ಲ.

ಸಹಿ,
ಮೇಸ್ತ್ರಿ

(ಇದನ್ನು ಫೈಲಿಗೆ ಹಾಕಬೇಡ, ಇದು ನಿನಗೆ.)

ತಕ್ಕಡಿ,

ಇಲ್ಲಿ ನಾನು ಅಷ್ಟೇನೂ ಗಟ್ಟಿಯಾಗಿಲ್ಲ.

ನಿನ್ನ ಕಣ್ಣಿಗೆ ಮಣ್ಣೆರಚಬೇಕೆಂದು ಬಳಿದದ್ದಲ್ಲ, ಇಷ್ಟನ್ನು ನಂಬು. ಗಾರೆಯವನ ಕೈ ಅದು. ತೂತು ಕಂಡರೆ ಬಟ್ಟೆ ತಾನಾಗಿ ಹೋಗುತ್ತದೆ. ಇಂಥ ಮುಖದಲ್ಲಿ ಸೊಸೆಯ ಮುಂದೆ ಹೋಗಿ ನಿಲ್ಲುವುದೇ ಎನಿಸಿತು. ಮುಖ ತೊಳೆಸಿದ್ದೇನೆ ಎಂದು ಜಂಬದಲ್ಲಿ ಬರೆದೂಬಿಟ್ಟೆ. ನೀನು ಗೆರೆ ಎಂದ ದಿನವೇ ನನಗೆ ತಿಳಿಯಿತು, ಅದೇ ಬಾಗಿಲು ಎಂದು. ಎಣ್ಣೆ ಎಂದು ಬರೆದದ್ದು ಮಾತ್ರ ಸುಳ್ಳು. ಅಲ್ಲಿಯವರೆಗೆ ಮಾಡಿದ್ದು ಅಭ್ಯಾಸ, ಅಲ್ಲಿಂದ ಮುಂದೆ ಕಳ್ಳತನ.

ನಿನ್ನ ತಾವು ಕಂಡು ಹಟ ಬಂತು. ತೊಳೆಸಿದ್ದು ಒಂದು, ತೊಳೆಸದ್ದು ಒಂದು, ಎರಡು ಬಕೆಟ್. ಬಳಿಯದಿದ್ದರೂ ನನ್ನ ಕಲ್ಲು ಸೋರುವುದಿಲ್ಲ ಎಂದು ತೋರಿಸಿ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಬೇಕೆಂದಿದ್ದೆ. ತೊಳೆಸಿದ್ದರ ನೀರು ಇವತ್ತಿಗೂ ತಿಳಿಯಾಗಿದೆ. ತೊಳೆಸದ್ದರ ನೀರು ಮರುದಿನವೇ ಹಳೇ ಕಾಗದದ ಬಣ್ಣಕ್ಕೆ ತಿರುಗಿತು. ಬದಲಿಸಿದೆ, ಮತ್ತೆ ಕ್ರೋಮಿಯಂನ ಅದೇ ಹಳದಿ. ಮತ್ತೆ ಬದಲಿಸಿದೆ. ಕಣ್ಣು ಮಂಜಾಗಿರಬೇಕೆಂದು ಅಕ್ಕನ ಹೊಸ ಕನ್ನಡಕ ಹಾಕಿಕೊಂಡು ನೋಡಿದೆ.

ಐದನೇ ದಿನ ಆ ಬಕೆಟ್ ಎತ್ತಿಕೊಂಡು ಚೆಲ್ಲಲು ಹೊರಟೆ. ಹಿತ್ತಲಲ್ಲಿ ಚೆಲ್ಲಿದರೆ ಚರಂಡಿಗೆ ಹೋಗುತ್ತದೆ, ಚರಂಡಿ ಬಾವಿಯ ಪಕ್ಕದಲ್ಲೇ ಹರಿಯುತ್ತದೆ. ರಸ್ತೆಯ ಆಚೆ ಶಿಶುವಿಹಾರದ ಆಟದ ಜಾಗ. ದಿಬ್ಬ ಹತ್ತಿದೆ, ಅಲ್ಲಿ ಚೆಲ್ಲಿದ್ದು ಇಳಿದು ಬರುವುದೂ ಇಲ್ಲಿಗೇ. ಒಂದು ಬಕೆಟ್ ನೀರು ತಕ್ಕಡಿ, ಒಂದೇ ಒಂದು ಬಕೆಟ್. ಕೈಯಲ್ಲಿ ಹಿಡಿದುಕೊಂಡು ಕಾಲೋನಿಯೆಲ್ಲ ತಿರುಗಿದೆ, ಇಡುವುದು, ಎತ್ತುವುದು. ಚೆಲ್ಲಲು ಜಾಗ ಸಿಗಲಿಲ್ಲ. ವಾಪಸು ತಂದು ಮುಚ್ಚಳ ಹಾಕಿದೆ. ಮೇಲೆ ಅಂಗಳದಲ್ಲಿ ಅಂಥ ಕಲ್ಲು ಎರಡು ಸಾವಿರ ಇವೆ.

ಆಮೇಲೆ ಟೋಪಿ ಸಾಹೇಬನ ಹತ್ತಿರ ಹೋದೆ. ಅವನು ಕೇಳಿ ಮುಗಿಸಿ ಹೆಲ್ಮೆಟ್ ತೆಗೆದ. ತಲೆ ತುಂಬ ಕೂದಲಿದೆ ಕಣೇ, ನಾವೆಲ್ಲ ತಪ್ಪು ತಿಳಿದಿದ್ದೆವು.

ಆ ನೀರನ್ನು ಎಲ್ಲಿ ಹಾಕಲಿ, ಹೇಳು. ಪರೀಕ್ಷಕಿಯಾಗಿಯಾದರೂ ಹೇಳು.

ಮಾವ

ಮೇ 4

ಮಾವ,

ಮೊದಲು ನೀರಿನ ವಿಷಯ. ಅದನ್ನೆಲ್ಲ ಕ್ಯಾನುಗಳಲ್ಲಿ ತುಂಬಿಸಿ, ಮುಚ್ಚಳ ಬಿಗಿಮಾಡಿ, ಮಾದರಿ ತರುವ ಲಾರಿಯಲ್ಲೇ ಇಲ್ಲಿಗೆ ಕಳಿಸು. ಇಂಥ ನೀರಿನಿಂದ ಕ್ರೋಮಿಯಂ ಬೇರೆ ಮಾಡುವ ತೊಟ್ಟಿ ಇಲ್ಲಿದೆ. ಅಮ್ಮನಿಗೆ ಹೊಸ ಬಕೆಟ್, ಹೊಸ ಪಾತ್ರೆ ತಂದುಕೊಡು, ಹಳೆಯವನ್ನು ಮತ್ತೆ ಮನೆಗೆ ಬಳಸಬೇಡಿ.

ನೀನು ಮುಟ್ಟದೆ ಕಳಿಸಿದ ಆರು ಬಂದ ಮರುದಿನವೇ ಮೂರನ್ನು ನೀರಿಗಿಳಿಸಿದೆ. ಎರಡನೇ ಗಂಟೆಗೇ ಬಂತು. ಏಳನೇ ಗಂಟೆಗೆ ಇನ್ನಷ್ಟು. ಗ್ರಾಫಿನ ಗೆರೆ ಹಾಳೆಯ ಮೇಲೆ ಹೇಗೆ ಹೋಗಬೇಕೋ ಹಾಗೇ ಹೋಯಿತು, ಅದನ್ನು ನೋಡಿ ಎರಡು ತಿಂಗಳಲ್ಲಿ ಮೊದಲ ಸಲ ಕುರ್ಚಿಯಲ್ಲಿ ಒರಗಿ ಕೂತೆ. ಕೂತ ಮೇಲೆ ನಾಚಿಕೆಯಾಯಿತು. ನಿಮ್ಮ ಬಾವಿಗೆ ಹೋಗುತ್ತಿದ್ದ ವಿಷವನ್ನು ನೋಡಿ ಸಮಾಧಾನಪಟ್ಟವಳು ನಾನು.

ವರದಿ ಹೋಗಿದೆ. ಈ ಕಲ್ಲುಗಳನ್ನು ಗುಂಡಿಗೆ ಇಳಿಸಬಾರದು, ಮಿಶ್ರಣ ಬದಲಾಗಬೇಕು. ಕೆಸರಿಗೆ ಮೊದಲು ಕಬ್ಬಿಣದ ಉಪ್ಪು ಹಾಕಿ ಕ್ರೋಮಿಯಂ ಅನ್ನು ಕರಗದ ಹಾಗೆ ಮಾಡಬೇಕು, ಆಮೇಲೆ ಸಿಮೆಂಟು. ಕಲಸುವ ನೀರು ಕಡಿಮೆ, ಜೊತೆಗೆ ನುಣ್ಣನೆಯ ಬೂದಿ. ವಿವರ ಇಂಜಿನಿಯರಿಗೆ ಕಳಿಸಿದ್ದೇವೆ.

ನಾನೂ ಒಂದು ಮುಚ್ಚಿಟ್ಟಿದ್ದೆ. ಆ ಗೆರೆ ನನಗೆ ಕೊಯ್ದ ದಿನವೇ ಕಂಡಿತ್ತು. ಅಚ್ಚಿನ ಗುರುತು ಎಂದು ಬಿಟ್ಟೆ, ಏಕೆಂದರೆ ಕಲ್ಲು ನಿನ್ನದು. ಮಾರ್ಚ್ 14ಕ್ಕೇ ‘ಸೋರಿಕೆ ಇಲ್ಲ’ ಎಂದು ವರದಿಯ ಕರಡನ್ನೂ ಬರೆದಿಟ್ಟಿದ್ದೆ. ಮುಖ ತೊಳೆಸಿದ್ದೇನೆ ಎಂದು ನೀನು ಮೊದಲ ಕಾಗದದಲ್ಲೇ ಒಪ್ಪಿಕೊಂಡಿದ್ದೀಯ, ಓದಿ ನಕ್ಕವಳು ನಾನು. ಅಂಕಿಗೆ ಮಾವ ಇರುವುದಿಲ್ಲ, ಅಂಕಿ ಬರೆಯುವವಳಿಗೆ ಇರುತ್ತಾನೆ.

ಇನ್ನು ಆ ತಾವು. ‘ನೀನು’ ಎಂದು ಬರೆದಿದ್ದರೆ ನಿನ್ನ ಉತ್ತರ ಮನೆಮಾತಾಗುತ್ತಿತ್ತು, ಯಾರೂ ಅದನ್ನು ಫೈಲಿಗೆ ಸೇರಿಸುತ್ತಿರಲಿಲ್ಲ. ನಿನ್ನ ಮಾತಿಗೆ ತೂಕ ಬರಲಿ ಎಂದು ತಾವು ಹಾಕಿದೆ. ಬರೆಯುವಾಗ ಮೂರು ಹಾಳೆ ಹರಿದೆ. ಕೊನೆಗೂ ಆ ವರದಿಯನ್ನು ನಿಲ್ಲಿಸಿದ್ದು ನಮ್ಮ ಯಂತ್ರವಲ್ಲ, ನಿನ್ನ ಸಹಿ.

ಅಮ್ಮ ಫೋನು ಮಾಡಿ ಒಂದು ಸುದ್ದಿ ಹೇಳಿದಳು. ನಿಜವಾ?

ತಕ್ಕಡಿ

ಜೂನ್ 6

ತಕ್ಕಡಿ,

ಇಲ್ಲಿ ನಾನು ಮೆಲ್ಲಮೆಲ್ಲಗೆ ಗಟ್ಟಿಯಾಗುತ್ತಿದ್ದೇನೆ. ಇಪ್ಪತ್ತೆಂಟು ದಿನ ಬೇಕು, ಯಾವ ಕಲ್ಲಿಗಾದರೂ.

ನಿಜ. ಬೋಳಿಸಿದೆ. ಶಿಶುವಿಹಾರದಲ್ಲೇ, ಅದೇ ಮೂವತ್ತು ಪಿಳ್ಳೆಗಳ ಎದುರಿಗೆ. ಅಲ್ಲಿ ತಿರುವಿದ್ದನ್ನು ಅಲ್ಲೇ ತೆಗೆಯಬೇಕಲ್ಲ. ಹೋದ ಸಲ ಅತ್ತ ಹುಡುಗಿ ಈ ಸಲ ನಕ್ಕಳು. ಅಕ್ಕ ಮಾತ್ರ ನಗಲಿಲ್ಲ. ‘ತಣ್ಣೀರಲ್ಲಿ ತೊಳ್ಕೊಳೋ, ಉರಿಯುತ್ತೆ’ ಎಂದು ಬಾವಿಯಿಂದ ಒಂದು ಚೊಂಬು ತಂದುಕೊಟ್ಟಳು. ಆ ನೀರನ್ನು ಮುಖಕ್ಕೆ ಹಾಕಿಕೊಳ್ಳುವ ಮುಂಚೆ ಬೆಳಕಿಗೆ ಹಿಡಿದು ಬಣ್ಣ ನೋಡಿದೆ. ತಿಳಿಯಾಗಿತ್ತು.

ಎರಡು ಸಾವಿರ ಕಲ್ಲು ಟಾರ್ಪಾಲಿನ್ ಕೆಳಗೆ ಕೂತಿವೆ. ಎರಡು ವಾರ ನನ್ನನ್ನು ಯಂತ್ರದಿಂದ ಇಳಿಸಿ ಅವುಗಳ ಕಾವಲಿಗೆ ಹಾಕಿದ್ದರು. ದಿನವೂ ಒಂದೊಂದರ ಮುಖ ನೋಡುತ್ತ ಕೂತಿದ್ದೆ, ಅವೂ ನನ್ನದನ್ನು ನೋಡುತ್ತಿದ್ದವು. ಹೊಸ ಮಿಶ್ರಣ ಕಲಸುವ ದಿನ ಟೋಪಿ ಸಾಹೇಬನೇ ಬಂದು ಕರೆದ. ಅಷ್ಟು ಕಡಿಮೆ ನೀರಿನಲ್ಲಿ ಕಲಸಲು ಬೇರೆ ಯಾರಿಗೆ ಬರುತ್ತದೆ ಹೇಳು? ಇದು ಜಂಬವಲ್ಲ, ಮಾಹಿತಿ.

ಹೊಸ ಆರನ್ನು ಕಳಿಸಿದ್ದೇನೆ. ಕೈಯಲ್ಲಿ ತೆಗೆದುಕೊಂಡರೆ ನಿನಗೇ ಗೊತ್ತಾಗುತ್ತದೆ, ಅಮೃತಶಿಲೆಯಲ್ಲ. ಮೂರನೆಯದರ ಕೆನ್ನೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ತೂತಿದೆ, ನೋಡಿದಾಗಲೆಲ್ಲ ಕೈ ಕಡಿಯುತ್ತಿತ್ತು. ಸಿಮೆಂಟು ಕದಡಿದ ಬೋಗುಣಿ ಪಕ್ಕದಲ್ಲೇ ಇತ್ತು. ಎರಡು ಸಲ ಬಟ್ಟೆ ಎತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ. ಆಮೇಲೆ ಆ ಬಟ್ಟೆಯಿಂದ ನನ್ನ ಚಪ್ಪಲಿ ಒರೆಸಿಕೊಂಡು ಪೆಟ್ಟಿಗೆಗೆ ಮೊಳೆ ಹೊಡೆದೆ.

ಹೇಗಿವೆಯೋ ಹಾಗೇ ಬರುತ್ತಿವೆ. ಸೋರಿದರೆ ಸೋರಿತು ಎಂದೇ ಬರಿ, ತಾವು ಎಂದಾದರೂ ಬರಿ. ಪಣಕ್ಕೆ ಇಡಲು ಈಗ ನನ್ನ ಹತ್ತಿರ ಏನೂ ಇಲ್ಲ. ಮೀಸೆ ಇನ್ನೂ ಕಾಲುಭಾಗವೂ ಬೆಳೆದಿಲ್ಲ.

ನಿನ್ನ ಮಾವ